ಮೈಗ್ರೇನ್ ಇರುವವರಿಗೆ: ಒಂದು ಅಂಕಿ ಸಾಕು

ಮೈಗ್ರೇನ್ ಇರುವ ಇನ್ನೊಬ್ಬರ ಜೊತೆ ಜೋಡಿ ಮಾಡ್ಕೊಳ್ಳಿ. ತಲೆನೋವು ಬಂದ ದಿನ ಅವರಿಗೆ ವಾಟ್ಸಾಪಿನಲ್ಲಿ ನೋವು ಎಷ್ಟಿದೆ ಅಂತ 1ರಿಂದ 10ರೊಳಗೆ ಒಂದು ಅಂಕಿ ಕಳಿಸಿ, ಮಾತ್ರೆ ನುಂಗಿದ್ದರೆ ಪಕ್ಕದಲ್ಲಿ ‘ಮಾ’ ಅಂತ ಸೇರಿಸಿ, ಅಷ್ಟೇ. ಉತ್ತರ ಕೊಡಲೇಬೇಕು ಅಂತಿಲ್ಲ. ಮೊಬೈಲಿನ ಬೆಳಕೇ ಕಣ್ಣಿಗೆ ಚುಚ್ಚುವಾಗ ಇಷ್ಟನ್ನು ಹೇಗೋ ಒತ್ತಬಹುದು. ‘ನೋಡಿದ್ರೆ ಚೆನ್ನಾಗೇ ಇದ್ದೀಯಲ್ಲ’ ಅನ್ನದ ಒಬ್ಬರಿಗೆ ಗೊತ್ತಾಯಿತು ಅನ್ನೋದೇ ದೊಡ್ಡ ಸಮಾಧಾನ. ತಾರೀಖು, ಗಂಟೆ ತಾನೇ ದಾಖಲಾಗುವುದರಿಂದ ಡಾಕ್ಟರಿಗೆ ತೋರಿಸಲೂ ಆಗುತ್ತೆ. ಅಡಿಕೆಯ ಕೊನೆಕೊಯ್ಲಿನ ಕಾಲದಲ್ಲಿ ನಿದ್ದೆಗೆಟ್ಟಿದ್ದು, ಅಡಿಕೆ ಬೇಯಿಸುವ ಒಲೆಯ ಹೊಗೆ, ಇಂಥವುಗಳ ನಂಟೂ ಕಾಣಬಹುದು. ‘ಮಾ’ಗಳನ್ನು ಮಾತ್ರ ತಪ್ಪದೆ ಎಣಿಸಿ: ಪ್ಯಾರಸಿಟಮಾಲ್‌ನಂಥ ಮಾತ್ರೆ ತಿಂಗಳಿಗೆ 15 ದಿನ, ಟ್ರಿಪ್ಟಾನ್ (ಮೈಗ್ರೇನಿಗೆಂದೇ ಕೊಡುವ ಮಾತ್ರೆ) ಅಥವಾ ಒಂದಕ್ಕಿಂತ ಹೆಚ್ಚು ಔಷಧ ಸೇರಿದ ಮಿಶ್ರ ಮಾತ್ರೆ 10 ದಿನ ಮುಟ್ಟುತ್ತಾ ತಿಂಗಳುಗಟ್ಟಲೆ ನಡೆದರೆ ಮಾತ್ರೆಯಿಂದಲೇ ತಲೆನೋವು ಹೆಚ್ಚಬಹುದು. ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ ಕಡೆ ಕರೆಂಟು ಹೋಗಿ ನೆಟ್‌ವರ್ಕೂ ಸತ್ತರೆ ಇದು ನಡೆಯಲ್ಲ. ಆಗ ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ. ಇಬ್ಬರೂ ಒಟ್ಟಿಗೆ ಕುಸಿಯುವ ದಿನಗಳೂ ಇರುತ್ತವೆ, ಮೂರನೆಯವರಿದ್ದರೆ ಒಳ್ಳೆಯದು. ಆದರೆ ಸಿಡಿಲು ಬಡಿದಂತೆ ಹಠಾತ್ತನೆ ಬಂದ ಭಾರಿ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರೆ ಅಂಕಿ ಕಳಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿಸಿ.