ಆನ್‌ಲೈನ್ ವ್ಯಾಪಾರದ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ

ಬಳ್ಳಾರಿ ಜೀನ್ಸ್ ಆನ್‌ಲೈನಿನಲ್ಲಿ ಮಾರೋದು ಕಲಿಸ್ತೀವಿ ಅನ್ನುವ ಕೋರ್ಸಿನಲ್ಲಿ ಮೊದಲು ಹುಡುಕಬೇಕಾದ್ದು ವಾಪಸ್ ಬರುವ ಮಾಲಿನ ಪಾಠ. ಒಂದು ಪ್ಯಾಂಟಿಗೆ 100 ರೂಪಾಯಿ ಉಳಿಯುತ್ತದೆ, ವಾಪಸಾದರೆ ಕೊರಿಯರಿಗೆ 150 ಹೋಗುತ್ತದೆ ಅಂದುಕೊಳ್ಳಿ. ಹತ್ತರಲ್ಲಿ ನಾಲ್ಕು ವಾಪಸಾದರೆ ಗಳಿಕೆ 600, ನಷ್ಟವೂ 600. ಜೀನ್ಸಿನಲ್ಲಿ ತಕರಾರು ಬಹುಪಾಲು ಸೈಜಿನದೇ; ಸೊಂಟ, ತೊಡೆ, ಒಳಗಾಲಿನ ಅಳತೆ ಇಂಚಿನಲ್ಲಿ ಹಾಕಲು ಹೇಳದ ಕೋರ್ಸು ದಂಡ.

ಮಾರಾಟದ ಸ್ಕ್ರೀನ್‌ಶಾಟ್ ನೋಡಿ ಮರುಳಾಗಬೇಡಿ, ಅದರಲ್ಲಿ ಲಾಭ ಕಾಣುವುದಿಲ್ಲ. ಕಮಿಷನ್, ವಾಪಸಾತಿ ಕಳೆದ ಪೇಮೆಂಟ್ ಶೀಟ್ ಕೇಳಿ.

ಜಿಎಸ್‌ಟಿ ಪಾಠವನ್ನೂ ನೋಡಿ. 2023ರ ಅಕ್ಟೋಬರ್ 1ರಿಂದ ಕರ್ನಾಟಕದೊಳಗಷ್ಟೇ ಮಾರುವ ಸಣ್ಣ ವ್ಯಾಪಾರಿಗೆ ಎನ್‌ರೋಲ್‌ಮೆಂಟ್ ನಂಬರ್ (ಪೂರ್ತಿ ನೋಂದಣಿ ಇಲ್ಲದೆ ಜಿಎಸ್‌ಟಿ ಪೋರ್ಟಲಿನಲ್ಲಿ ಸಿಗುವ ನಂಬರ್) ಸಾಕು. ಆಂಧ್ರ ಗಡಿ ಪಕ್ಕದಲ್ಲೇ ಇದ್ದರೂ ಅಲ್ಲಿಗೆ ಕಳಿಸಲು ಪೂರ್ತಿ ನೋಂದಣಿ ಬೇಕು.

ಮೋಸವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.