ಅನಲಾಗೋ ಡಿಜಿಟಲ್ಲೋ: ಮಾದರಿ ರೈಲಿನ ಕಂಟ್ರೋಲ್ ಕೊಳ್ಳುವ ಮುನ್ನ

ಕಂಟ್ರೋಲರ್ ಆರಿಸುವ ಮೊದಲು ನೋಡಬೇಕಾದದ್ದು ಎರಡು: ನಿಮ್ಮಲ್ಲಿ ಈಗಾಗಲೇ ಇರುವ ಎಂಜಿನ್‌ಗಳ ಮೋಟಾರು, ಮತ್ತು ಲೇಔಟ್ ಹಲಗೆಯ ಅಡಿಯಲ್ಲಿರುವ ವೈರು. ಇವೆರಡನ್ನೂ ಅಳೆದು ನೋಡದೆ ಡಿಜಿಟಲ್ ಪೆಟ್ಟಿಗೆ ತಂದವರಿಗೆ ಮೊದಲ ವಾರದಲ್ಲೇ ಒಂದೆರಡು ಡಿಕೋಡರ್ (ಎಂಜಿನ್ ಒಳಗೆ ಕೂತು ಆದೇಶ ಓದುವ ಪುಟ್ಟ ಸರ್ಕ್ಯೂಟ್) ಸುಟ್ಟುಹೋಗುವುದು ಅಪರೂಪವೇನಲ್ಲ. ಕೆಳಗಿನ ಲೆಕ್ಕಗಳೆಲ್ಲ ಎರಡು ಹಳಿಯ ಎಚ್‌ಒ (ನಿಜ ಗಾಡಿಯ 1/87 ಗಾತ್ರ) ಮತ್ತು ಅದಕ್ಕಿಂತ ಚಿಕ್ಕದಾದ ಎನ್ ಅಳತೆಯ ಗಾಡಿಗಳಿಗೆ. ಮೂರು ಹಳಿಯ ಎಸಿ ವ್ಯವಸ್ಥೆಯ ದಾರಿಯೇ ಬೇರೆ, ಅದನ್ನು ಇಲ್ಲಿ ಸೇರಿಸಿಲ್ಲ.

ಹಳಿಯಲ್ಲಿ ಏನು ಹರಿಯುತ್ತದೆ

ಅನಲಾಗ್‌ನಲ್ಲಿ ಹಳಿಗೆ 0ಯಿಂದ 12 ವೋಲ್ಟ್‌ವರೆಗಿನ ಡಿಸಿ ಕರೆಂಟು ಹೋಗುತ್ತದೆ. ವೋಲ್ಟೇಜ್ ಏರಿಸಿದರೆ ವೇಗ, ಪ್ಲಸ್-ಮೈನಸ್ ಅದಲುಬದಲು ಮಾಡಿದರೆ ಗಾಡಿ ಹಿಂದಕ್ಕೆ. ಅದೇ ಹಳಿಯ ಮೇಲೆ ನಾಲ್ಕು ಎಂಜಿನ್ ನಿಂತಿದ್ದರೆ ನಾಲ್ಕೂ ಒಟ್ಟಿಗೇ ಹೊರಡುತ್ತವೆ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸಬೇಕೆಂದರೆ ಹಳಿಯನ್ನು ತುಂಡು ತುಂಡಾಗಿ ಬೇರ್ಪಡಿಸಿ ಪ್ರತಿ ತುಂಡಿಗೂ ಒಂದು ಸ್ವಿಚ್ ಇಡಬೇಕು. ಈ ತುಂಡುಗಳಿಗೆ ಬ್ಲಾಕ್ ಎನ್ನುತ್ತಾರೆ.

ಡಿಜಿಟಲ್ ಎಂದರೆ ಬಹುಪಾಲು ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್). ಜರ್ಮನಿಯ ಲೆನ್ಜ್ ಕಂಪನಿ ರೂಪಿಸಿದ ಪದ್ಧತಿಯನ್ನು ಆಧರಿಸಿ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಎನ್‌ಎಂಆರ್‌ಎ ಸಂಸ್ಥೆ 1990ರ ದಶಕದಲ್ಲಿ ಇದನ್ನು ಮಾನಕವಾಗಿ ಪ್ರಕಟಿಸಿತು. ಇಲ್ಲಿ ಹಳಿಯ ಮೇಲೆ ಸದಾ ಪೂರ್ತಿ ವೋಲ್ಟೇಜ್ ಇರುತ್ತದೆ, ಎಚ್‌ಒಗೆ ಸುಮಾರು 14-16 ವೋಲ್ಟ್. ಅದರ ದಿಕ್ಕು ಸೆಕೆಂಡಿಗೆ ಸಾವಿರಾರು ಸಲ ಬದಲಾಗುತ್ತದೆ: ಅರ್ಧ ಸುತ್ತು 58 ಮೈಕ್ರೋಸೆಕೆಂಡಿನದಾದರೆ ಅದು 1, 100 ಅಥವಾ ಹೆಚ್ಚಿನದಾದರೆ ಅದು 0. ಎಂಜಿನ್ ಒಳಗಿನ ಡಿಕೋಡರ್ ಇದನ್ನು ಓದಿ, ತನ್ನ ಅಡ್ರೆಸ್‌ಗೆ ಬಂದ ಆದೇಶ ಸಿಕ್ಕಾಗ ಮಾತ್ರ ಮೋಟಾರಿಗೆ ಕರೆಂಟು ಬಿಡುತ್ತದೆ. ಗಾಡಿ ನಿಂತಿದ್ದರೂ ದೀಪ ಉರಿಯುತ್ತದೆ, ಬೋಗಿಯೊಳಗೂ ಬೆಳಕಿರುತ್ತದೆ. ‘ಮುಂದೆ’ ಎಂದರೆ ಆ ಎಂಜಿನ್ನಿನ ಮೂತಿ ಇರುವ ಕಡೆ. ಹಳಿಯ ಮೇಲೆ ಅದನ್ನು ಯಾವ ಕಡೆ ತಿರುಗಿಸಿಟ್ಟರೂ ಅಷ್ಟೇ.

ಯಾರಿಗೆ ಯಾವುದು

ಒಂದು ಸುತ್ತು ಹಳಿ, ಒಂದೆರಡು ಗಾಡಿ, ಒಬ್ಬರೇ ಓಡಿಸುವುದು: ಇಷ್ಟಾದರೆ ಒಳ್ಳೆಯ ಅನಲಾಗ್ ಕಂಟ್ರೋಲರ್ ಸಾಕು. ಹಳೆಯ ಎಂಜಿನ್‌ಗಳ ದೊಡ್ಡ ಸಂಗ್ರಹ ಇದ್ದು ಒಂದರಲ್ಲೂ ಡಿಕೋಡರ್ ಸಾಕೆಟ್ ಇಲ್ಲವೆಂದರೂ ಅನಲಾಗ್ ಬ್ಲಾಕ್ ಪದ್ಧತಿಯೇ ಮೇಲು. ಪ್ರತಿ ಎಂಜಿನ್ ಬಿಚ್ಚಿ ಬೆಸೆಯುವ ಕೆಲಸಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಒಂದೇ ಯಾರ್ಡಿನಲ್ಲಿ ಎರಡು ಮೂರು ಎಂಜಿನ್ ಶಂಟಿಂಗ್ ಮಾಡಬೇಕು, ಘಾಟಿಯಲ್ಲಿ ಹಿಂದಿನಿಂದ ಬ್ಯಾಂಕರ್ ಎಂಜಿನ್ ತಳ್ಳಬೇಕು, ಇಬ್ಬರು ಮೂವರು ಕೂಡಿ ಓಡಿಸಬೇಕು, ಸದ್ದು ಬೇಕು ಎಂದರೆ ಹಿಂದೆ ಮುಂದೆ ನೋಡದೆ ಡಿಜಿಟಲ್‌ಗೆ ಹೋಗಿ. ಇದನ್ನೆಲ್ಲ ಅನಲಾಗ್‌ನಲ್ಲಿ ಮಾಡಲು ಬೇಕಾಗುವ ಬ್ಲಾಕ್ ಸ್ವಿಚ್‌ಗಳ ಸಂಖ್ಯೆ ನೋಡಿದರೆ ಡಿಸಿಸಿಯೇ ಸರಳ ಅನ್ನಿಸುತ್ತದೆ.

ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ: ಡಿಜಿಟಲ್ ಆದರೆ ಹಳಿ ಒರೆಸುವ ಕೆಲಸ ತಪ್ಪುತ್ತದೆ ಅಂತ. ಖಂಡಿತ ಇಲ್ಲ. ಅನಲಾಗ್ ಎಂಜಿನ್ ಕೊಳೆಯ ಮೇಲೆ ಒಂದು ಕ್ಷಣ ತಡವರಿಸಿ ಮುಂದೆ ಹೋಗುವ ಕಡೆ ಡಿಕೋಡರ್ ಪೂರ್ತಿ ಆಫ್ ಆಗಿ ಮತ್ತೆ ಶುರುವಾಗಬಹುದು. ಸದ್ದಿನ ಡಿಕೋಡರ್ ಆದರೆ ಎಂಜಿನ್ ಸ್ಟಾರ್ಟ್ ಆಗುವ ಸದ್ದಿನಿಂದ ಮತ್ತೆ ಆರಂಭ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಹಳಿಯನ್ನೂ ಚಕ್ರಗಳನ್ನೂ ಒರೆಸುವುದು ಎರಡೂ ಪದ್ಧತಿಯಲ್ಲಿ ತಪ್ಪದು. ಮರಳುಕಾಗದ ಮಾತ್ರ ಮುಟ್ಟಿಸಬೇಡಿ; ಅದು ಮಾಡಿದ ಗೀರುಗಳಲ್ಲಿ ಕೊಳೆ ಇನ್ನಷ್ಟು ಬೇಗ ಕೂರುತ್ತದೆ.

ಎಂಜಿನ್ ಪರೀಕ್ಷೆ

ಮೊದಲು ಸ್ಟಾಲ್ ಕರೆಂಟ್ ಅಳೆಯಿರಿ. ಅಂದರೆ ಚಕ್ರ ತಿರುಗದಂತೆ ಹಿಡಿದಾಗ ಮೋಟಾರು ಎಳೆಯುವ ಕರೆಂಟು. ಕನಿಷ್ಠ 3 ಆಂಪಿಯರ್ ಕೊಡಬಲ್ಲ 12 ವೋಲ್ಟ್ ಡಿಸಿ ಸಪ್ಲೈ, 10 ಆಂಪಿಯರ್ ರೇಂಜಿಗೆ ಇಟ್ಟ ಮಲ್ಟಿಮೀಟರ್, ಒಂದು ತುಂಡು ಹಳಿ ಬೇಕು. ಮೀಟರನ್ನು ಒಂದು ವೈರಿನ ಮಧ್ಯೆ ಸೇರಿಸಿ, ಎಂಜಿನ್ ಹಳಿಯ ಮೇಲಿಟ್ಟು, 12 ವೋಲ್ಟ್ ಕೊಟ್ಟು, ಚಕ್ರ ನಿಲ್ಲುವವರೆಗೆ ಬೆರಳಿನಿಂದ ಮೇಲಿನಿಂದ ಒತ್ತಿ. ಒಂದೆರಡು ಸೆಕೆಂಡಿನಲ್ಲಿ ಅಂಕಿ ಓದಿ ಕೈ ಬಿಡಿ. ಹೆಚ್ಚು ಹೊತ್ತು ಹಿಡಿದರೆ ಮೋಟಾರಿನ ಸುರುಳಿಯೇ ಸುಡುತ್ತದೆ. ಹಳಿಯ ಡಿಸಿಸಿ ವೋಲ್ಟೇಜ್ 12ಕ್ಕಿಂತ ಜಾಸ್ತಿ ಇರುವುದರಿಂದ ಓದಿದ ಅಂಕಿಗೆ ಕಾಲು ಭಾಗ ಕೂಡಿಸಿ. 0.8 ಬಂದರೆ 1 ಆಂಪಿಯರ್ ಎಂದುಕೊಳ್ಳಿ. ಎಚ್‌ಒ ಡಿಕೋಡರ್‌ಗಳು ಸಾಮಾನ್ಯವಾಗಿ ನಿರಂತರ 1 ಆಂಪಿಯರ್ ತಡೆಯುತ್ತವೆ, ಹಾಗಾಗಿ ಈ ಎಂಜಿನ್ ಅದರ ಮಿತಿಯೊಳಗೇ ಇದೆ. ಹಳೆಯ ತೆರೆದ ಚೌಕಟ್ಟಿನ ಮೋಟಾರುಗಳಲ್ಲಿ 2 ಆಂಪಿಯರ್ ದಾಟುವುದುಂಟು. ಅಂಥದಕ್ಕೆ ಹೊಸ ಮೋಟಾರು ಹಾಕಿ, ಇಲ್ಲವೇ ಅದನ್ನು ಅನಲಾಗ್‌ಗೇ ಬಿಡಿ.

ಎರಡನೆಯದು ಮೋಟಾರು ಚಾಸಿಯಿಂದ ಬೇರೆಯಾಗಿದೆಯೇ ಎಂಬುದು. ಹಳೆಯ ಎಂಜಿನ್‌ಗಳಲ್ಲಿ ಒಂದು ಬ್ರಷ್ಷು (ತಿರುಗುವ ಮೋಟಾರಿಗೆ ಕರೆಂಟು ಮುಟ್ಟಿಸುವ ತುಂಡು) ನೇರವಾಗಿ ಲೋಹದ ಚೌಕಟ್ಟಿಗೆ ತಾಗಿರುತ್ತದೆ, ಚೌಕಟ್ಟು ಒಂದು ಬದಿಯ ಚಕ್ರಕ್ಕೆ. ಅನಲಾಗ್‌ನಲ್ಲಿ ಇದು ವೈರು ಉಳಿಸುವ ಉಪಾಯ. ಡಿಜಿಟಲ್‌ನಲ್ಲಿ ಹಳಿಯ ಪೂರ್ತಿ ವೋಲ್ಟೇಜ್ ಡಿಕೋಡರಿನ ಮೋಟಾರ್ ಔಟ್‌ಪುಟ್‌ಗೆ ನುಗ್ಗಿ ಅದು ಆ ಕ್ಷಣವೇ ಸುಡುತ್ತದೆ. ಬ್ರಷ್ಷಿಗೆ ಬಂದಿರುವ ವೈರುಗಳನ್ನು ಬಿಚ್ಚಿ, ಮೀಟರನ್ನು ಓಮ್‌ಗೆ ಇಟ್ಟು, ಎರಡೂ ಬ್ರಷ್ಷುಗಳಿಂದ ಎಲ್ಲ ಚಕ್ರಗಳಿಗೂ ಚೌಕಟ್ಟಿಗೂ ಮುಟ್ಟಿಸಿ ನೋಡಿ. ಯಾವುದೂ ಕನೆಕ್ಟ್ ಆಗಿರಬಾರದು. ಚಕ್ರವನ್ನು ಕೈಯಿಂದ ನಿಧಾನ ತಿರುಗಿಸುತ್ತಾ ಇನ್ನೊಮ್ಮೆ ನೋಡಿ, ಏಕೆಂದರೆ ಒಂದೇ ಕೋನದಲ್ಲಿ ಮಾತ್ರ ತಾಗುವ ವೈರಿನ ತುದಿ ನಿಂತ ಪರೀಕ್ಷೆಯಲ್ಲಿ ಸಿಗುವುದಿಲ್ಲ.

ಡಿಕೋಡರ್ ಕೂರಿಸುವುದು

ಸಾಕೆಟ್ ಇರುವ ಎಂಜಿನ್ನಾದರೆ (8 ಪಿನ್, 21 ಪಿನ್, ನೆಕ್ಸ್ಟ್18, ಪ್ಲಕ್ಸ್22 ಹೀಗೆ) ಡಮ್ಮಿ ಪ್ಲಗ್ ಕಿತ್ತು ಡಿಕೋಡರ್ ಸಿಕ್ಕಿಸಿದರಾಯಿತು. ಇಲ್ಲದಿದ್ದರೆ ಬಣ್ಣ ನೋಡಿ ಬೆಸೆಯಿರಿ. ಕೆಂಪು ಬಲ ಹಳಿಯ ಕಡೆಯ ಚಕ್ರಗಳಿಗೆ, ಕಪ್ಪು ಎಡ ಹಳಿಯ ಕಡೆಗೆ. ಕಿತ್ತಳೆ ಮತ್ತು ಬೂದು ಮೋಟಾರಿಗೆ. ಬಿಳಿ ಮುಂದಿನ ದೀಪ, ಹಳದಿ ಹಿಂದಿನ ದೀಪ, ನೀಲಿ ಎರಡೂ ದೀಪಕ್ಕೆ ಸೇರಿದ ಪ್ಲಸ್. ಎಲ್‌ಇಡಿ ಹಾಕುವಾಗ ಪ್ರತಿಯೊಂದಕ್ಕೂ 1 ಕಿಲೋಓಮ್ ರೆಸಿಸ್ಟರ್ ಸೇರಿಸಿ. ಮೋಟಾರಿನ ಮೇಲೆ ಅಡ್ಡಲಾಗಿ ಬೆಸೆದಿರುವ ಪುಟ್ಟ ಕೆಪಾಸಿಟರ್ ತೆಗೆದುಬಿಡಿ. ಟಿವಿ ರೇಡಿಯೊಗಳಿಗೆ ಅಡಚಣೆಯಾಗದಿರಲೆಂದು ಹಾಕಿದ್ದು ಅದು, ಡಿಕೋಡರಿನ ವೇಗ ನಿಯಂತ್ರಣವನ್ನು ಕೆಡಿಸುತ್ತದೆ.

ಡಿಕೋಡರ್‌ಗೆ ಇನ್ಸುಲೇಶನ್ ಟೇಪು ಸುತ್ತಿ ಮೂಟೆ ಕಟ್ಟಬೇಡಿ. ಬಿಸಿ ಹೊರಹೋಗದೆ ಅದು ಆಗಾಗ ತಾನೇ ಆಫ್ ಆಗುತ್ತದೆ, ಟೇಪಿನ ಗೋಂದೂ ಕರಗಿ ಮೋಟಾರಿನೊಳಗೆ ಇಳಿಯುತ್ತದೆ. ತಾಗುವ ಕಡೆ ಚೌಕಟ್ಟಿನ ಮೇಲೆ ಶಾಖ ತಡೆಯುವ ಕ್ಯಾಪ್ಟಾನ್ (Kapton) ಟೇಪಿನ ಒಂದು ಪದರ ಸಾಕು.

ಮುಚ್ಚಳ ಹಾಕುವ ಮುಂಚೆ ಪ್ರೋಗ್ರಾಮಿಂಗ್ ಹಳಿಯ (ಡಿಕೋಡರಿನ ಸೆಟ್ಟಿಂಗ್ ಓದಲು, ಬರೆಯಲು ಪೆಟ್ಟಿಗೆಗೆ ಬೇರೆಯಾಗಿ ಜೋಡಿಸಿದ ತುಂಡು ಹಳಿ) ಮೇಲಿಟ್ಟು ಅಡ್ರೆಸ್ ಓದಿ ನೋಡಿ. ಅಲ್ಲಿ ಕರೆಂಟು ಮಿತವಾಗಿರುವುದರಿಂದ ತಪ್ಪು ಬೆಸುಗೆ ಇದ್ದರೂ ಡಿಕೋಡರ್ ಬದುಕಿಕೊಳ್ಳುತ್ತದೆ. 3 ಎಂದು ಉತ್ತರ ಬಂದರೆ ಎಲ್ಲ ಸರಿಯಿದೆ. ಹೊಸ ಡಿಕೋಡರ್‌ಗಳು 3ನೇ ಅಡ್ರೆಸ್ಸಿನಲ್ಲೇ ಬರುತ್ತವೆ, ಆದ್ದರಿಂದ ಕೂಡಲೇ ಬದಲಿಸಿ; ಎರಡು ಹೊಸ ಎಂಜಿನ್ ಒಟ್ಟಿಗೆ ಇಟ್ಟರೆ ಎರಡೂ ಹೊರಡುತ್ತವೆ. ಎಂಜಿನ್ ಮೈಮೇಲಿನ ನಾಲ್ಕಂಕಿಯ ನಂಬರನ್ನೇ ಅಡ್ರೆಸ್ ಮಾಡಿಕೊಂಡರೆ ನೆನಪಿಗೆ ಸುಲಭ. ಹೆಚ್ಚಿನ ಹ್ಯಾಂಡ್‌ಸೆಟ್‌ಗಳು ಇದನ್ನು ತಾವೇ ಬರೆಯುತ್ತವೆ. ಕೈಯಿಂದ ಬರೆಯಬೇಕಾದರೆ ಲೆಕ್ಕ ಹೀಗೆ (ಸಿವಿ ಎಂದರೆ ಡಿಕೋಡರ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ, ನಂಬರು ಹಾಕಿದ ಖಾನೆ): 2847ನ್ನು 256ರಿಂದ ಭಾಗಿಸಿ, ಭಾಗಲಬ್ಧ 11, ಶೇಷ 31. ಸಿವಿ17ಕ್ಕೆ 192 + 11 = 203, ಸಿವಿ18ಕ್ಕೆ 31. ಆಮೇಲೆ ಸಿವಿ29.

ಈ ಸಿವಿ29ರ ಬಗ್ಗೆ ಒಂದು ಮಾತು. ಹಲವು ಡಿಕೋಡರ್‌ಗಳಲ್ಲಿ ಅದು 6 ಎಂದು ಬರುತ್ತದೆ: 28/128 ವೇಗದ ಹಂತಗಳಿಗೆ 2, ಅನಲಾಗ್‌ನಲ್ಲೂ ಓಡಲು 4. ಪೂರ್ತಿ ಡಿಜಿಟಲ್ ಲೇಔಟಿನಲ್ಲಿ ಆ 4ನ್ನು ತೆಗೆದುಬಿಡಿ. ಶಾರ್ಟ್ ಆಗಿ ಕರೆಂಟು ಮರಳುವಾಗ ಡಿಕೋಡರ್ ಅದನ್ನು ಡಿಸಿ ಎಂದು ಭ್ರಮಿಸಿ ಎಂಜಿನ್ನನ್ನು ಪೂರ್ತಿ ವೇಗದಲ್ಲಿ ಓಡಿಸಿಬಿಡುವುದು ಇದರಿಂದಲೇ. ಉದ್ದದ ಅಡ್ರೆಸ್ ಬೇಕಾದರೆ 32 ಕೂಡಿಸಿ, ಒಟ್ಟು 34. ಎಂಜಿನ್ ಹಿಂದುಮುಂದಾಗಿ ಓಡಿದರೆ 1 ಕೂಡಿಸಿದರೆ ಸಾಕು, ವೈರು ಬಿಚ್ಚಬೇಕಿಲ್ಲ.

ಹಲಗೆಯ ಅಡಿ

ಇಂದು ಅನಲಾಗ್ ಓಡಿಸಿದರೂ ವೈರನ್ನು ಡಿಜಿಟಲ್‌ಗೆ ಒಪ್ಪುವಂತೆಯೇ ಎಳೆಯಿರಿ. ನಮ್ಮ ಗಟ್ಟಿ ಸಲಹೆ ಇದು. ಪೆಟ್ಟಿಗೆ ಬದಲಿಸಲು ಹತ್ತು ನಿಮಿಷ, ಬ್ಯಾಲಸ್ಟ್ (ಜಲ್ಲಿ) ಹಾಕಿದ ಹಳಿಗೆ ಹೊಸದಾಗಿ ಫೀಡರ್ (ಹಳಿಗೆ ಕರೆಂಟು ತರುವ ಸಣ್ಣ ವೈರು) ಬೆಸೆಯಲು ಹತ್ತು ಭಾನುವಾರ.

ಲೇಔಟಿನ ಉದ್ದಕ್ಕೂ 2.5 ಚದರ ಮಿಮೀ ತಾಮ್ರದ ಎರಡು ವೈರು, ಎರಡು ಬಣ್ಣದವು. ಇದು ಬಸ್. ಪ್ರತಿ ತುಂಡು ಹಳಿಯಿಂದ 0.5 ಚದರ ಮಿಮೀ ಫೀಡರ್ ಇಳಿಸಿ ಬಸ್‌ಗೆ ಬೆಸೆಯಿರಿ, 30 ಸೆಂಮೀ ಮೀರದಂತೆ. ಹಳಿ ಜೋಡಿಸುವ ಜಾಯಿನರ್‌ಗಳನ್ನು ಕರೆಂಟಿಗೆ ನಂಬಬೇಡಿ, ಅವು ವರ್ಷ ಕಳೆದಂತೆ ಸಡಿಲವಾಗಿ ಕಿಲುಬು ಹಿಡಿಯುತ್ತವೆ. ವೈರಿನ ದಪ್ಪ ಯಾಕೆ ಮುಖ್ಯವೆಂದರೆ, 10 ಮೀಟರ್ ಬಸ್‌ನಲ್ಲಿ ಹೋಗಿ ಬರುವುದು 20 ಮೀಟರ್. 5 ಆಂಪಿಯರ್ ಹರಿದಾಗ 2.5 ಚದರ ಮಿಮೀ ವೈರಿನಲ್ಲಿ ನಷ್ಟ ಸುಮಾರು 0.7 ವೋಲ್ಟ್, 0.5 ಚದರ ಮಿಮೀ ವೈರಿನಲ್ಲಿ ಸುಮಾರು 3.5 ವೋಲ್ಟ್.

ವೋಲ್ಟೇಜ್ ನಷ್ಟಕ್ಕಿಂತ ದೊಡ್ಡ ಅಪಾಯ ಶಾರ್ಟ್ ಗೊತ್ತಾಗದಿರುವುದು. ದಾರಿಯಲ್ಲಿ ಸಡಿಲ ಜೋಡಣೆಯಿಂದ 3 ಓಮ್ ತಡೆ ಇದೆ ಅನ್ನಿ. 15 ವೋಲ್ಟ್‌ಗೆ ಹರಿಯುವುದು 5 ಆಂಪಿಯರ್ ಮಾತ್ರ. 5 ಆಂಪಿಯರ್ ಬೂಸ್ಟರಿಗೆ (ಹಳಿಗೆ ಡಿಸಿಸಿ ಕರೆಂಟು ಕೊಡುವ ಭಾಗ) ಇದು ಶಾರ್ಟ್ ಎಂದು ತಿಳಿಯುವುದೇ ಇಲ್ಲ, ತಣ್ಣಗೆ ಕರೆಂಟು ಕೊಡುತ್ತಲೇ ಇರುತ್ತದೆ. ಅಷ್ಟರಲ್ಲಿ ಆ ಜಾಗದಲ್ಲಿ 75 ವಾಟ್ ಶಾಖ, ಸಾಮಾನ್ಯ ಬೆಸುಗೆ ಕಡ್ಡಿಗಿಂತ ಜಾಸ್ತಿ. ಪ್ಲಾಸ್ಟಿಕ್ ಸ್ಲೀಪರ್ ಕರಗುತ್ತವೆ, ಚಕ್ರದ ಸುತ್ತಲಿನ ಬೋಗಿ ಚೌಕಟ್ಟು ಬಾಗುತ್ತದೆ. ಆದ್ದರಿಂದ ಗಾಡಿ ಇಡುವ ಮೊದಲು ಒಂದು ನಾಣ್ಯ ಹಿಡಿದು, ಪ್ರತಿ ಮೀಟರಿಗೊಮ್ಮೆ, ಪ್ರತಿ ಪಾಯಿಂಟ್ (ಗಾಡಿ ಹಳಿ ಬದಲಿಸುವ ಕವಲು) ದಾಟಿದ ಮೇಲೂ, ಎರಡು ಹಳಿಗೆ ಅಡ್ಡ ಇಟ್ಟು ನೋಡಿ. ಎಲ್ಲ ಕಡೆಯೂ ಬೂಸ್ಟರ್ ತಕ್ಷಣ ಟ್ರಿಪ್ ಆಗಬೇಕು. ಆಗದ ಕಡೆ ಇನ್ನೊಂದು ಫೀಡರ್ ಬೇಕೆಂದು ಅರ್ಥ.

ಬೂಸ್ಟರ್ ಎಷ್ಟು ದೊಡ್ಡದು? ಓಡುತ್ತಿರುವ ಪ್ರತಿ ಎಚ್‌ಒ ಎಂಜಿನ್ನಿಗೆ ಅರ್ಧ ಆಂಪಿಯರ್ ಲೆಕ್ಕ ಹಿಡಿಯಿರಿ, ಬೋಗಿಯ ದೀಪಗಳಿಗೆ ಬೇರೆ ಸೇರಿಸಿ. ಐದಾರು ಎಂಜಿನ್ ಓಡುವ ಲೇಔಟಿಗೆ 5 ಆಂಪಿಯರ್ ಸಾಕು. ಎನ್ ಅಳತೆಗೆ ಇದರ ಅರ್ಧ.

ರಿವರ್ಸ್ ಲೂಪ್ ಯಾವ ಪದ್ಧತಿಯಲ್ಲೂ ತಾನಾಗಿ ಸರಿಹೋಗುವುದಿಲ್ಲ. ಗಾಡಿ ಸುತ್ತಿ ಬಂದು ಅದೇ ಹಳಿ ಸೇರುವಾಗ ಬಲ ಹಳಿ ಎಡ ಹಳಿಗೆ ಕೂಡಿ ಶಾರ್ಟ್ ಆಗುತ್ತದೆ. ಲೂಪಿನ ಎರಡೂ ತುದಿಯಲ್ಲಿ ಎರಡೂ ಹಳಿ ಕತ್ತರಿಸಿ, ಮಧ್ಯದ ಭಾಗ ನಿಮ್ಮ ಅತಿ ಉದ್ದದ ಗಾಡಿಗಿಂತ ಉದ್ದವಾಗಿರಲಿ. ಡಿಜಿಟಲ್‌ನಲ್ಲಿ ಆ ಭಾಗಕ್ಕೆ ಆಟೋ ರಿವರ್ಸರ್ (ಹಳಿಯ ದಿಕ್ಕನ್ನು ತಾನೇ ಅದಲುಬದಲು ಮಾಡುವ ಸರ್ಕ್ಯೂಟ್) ಕೊಟ್ಟರೆ ಗಾಡಿ ನಿಲ್ಲದೆ ದಾಟುತ್ತದೆ. ಅನಲಾಗ್‌ನಲ್ಲಿ ಎರಡು ಪೋಲಿನ ಟಾಗಲ್ ಸ್ವಿಚ್ ಹಾಕಿ, ಗಾಡಿ ಲೂಪಿನೊಳಗೆ ಇದ್ದಾಗ ನಿಲ್ಲಿಸಿ ಮುಖ್ಯ ಹಳಿಯ ದಿಕ್ಕು ಬದಲಿಸಬೇಕು.

ಪಾಯಿಂಟ್ ಮೋಟಾರುಗಳಿಗೆ ಹಳಿಯಿಂದ ಕರೆಂಟು ಕೊಡಬೇಡಿ. ತಪ್ಪಾಗಿ ಇಟ್ಟ ಪಾಯಿಂಟಿಗೆ ಎಂಜಿನ್ ನುಗ್ಗಿ ಬೂಸ್ಟರ್ ಟ್ರಿಪ್ ಆದರೆ, ಆ ಪಾಯಿಂಟನ್ನು ತಿರುಗಿಸಲು ಬೇಕಾದ ಕರೆಂಟೂ ಹೋಗಿರುತ್ತದೆ.

ಎರಡನ್ನೂ ಇಟ್ಟುಕೊಳ್ಳುವವರಿಗೆ

ಲೇಔಟಿನ ಅರ್ಧ ಅನಲಾಗ್, ಅರ್ಧ ಡಿಜಿಟಲ್ ಮಾಡಬೇಡಿ. ಗಡಿ ದಾಟುವ ಎಂಜಿನ್ನಿನ ಚಕ್ರಗಳು ಎರಡೂ ಸಪ್ಲೈಗಳನ್ನು ಒಂದಕ್ಕೊಂದು ಕೂಡಿಸಿ ಎರಡನ್ನೂ ಹಾಳುಮಾಡಬಹುದು. ಇಡೀ ಬಸ್ಸನ್ನೇ ಮಧ್ಯದಲ್ಲಿ ಆಫ್ ಇರುವ, ಬೂಸ್ಟರಿನ ಪೂರ್ತಿ ಕರೆಂಟು ತಡೆಯುವ ಎರಡು ಪೋಲಿನ ಒಂದು ಸ್ವಿಚ್‌ನಿಂದ ಈ ಕಡೆ ಅಥವಾ ಆ ಕಡೆ ಹಾಕಿ. ಇಂಥ ಲೇಔಟಿನಲ್ಲಿ ಸಿವಿ29ರ ಆ 4 ಉಳಿದಿರಲಿ. ಡಿಕೋಡರ್ ಇಲ್ಲದ ಎಂಜಿನ್ನನ್ನು ‘0’ ಅಡ್ರೆಸ್ಸಿನಲ್ಲಿ ಓಡಿಸಲು ಕೆಲವು ಪೆಟ್ಟಿಗೆಗಳು ಬಿಡುತ್ತವೆ. ಮೋಟಾರು ನಿಂತಾಗಲೂ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ, ಕೋರ್‌ಲೆಸ್ (ಸುರುಳಿಯೊಳಗೆ ಕಬ್ಬಿಣದ ತಿರುಳಿಲ್ಲದ) ಮೋಟಾರಾದರೆ ಸುಟ್ಟೇ ಹೋಗುತ್ತದೆ.

ಡಿಕೋಡರ್ ಯಾವ ಕಂಪನಿಯದಾದರೂ ಡಿಸಿಸಿ ಹಳಿಯ ಮೇಲೆ ಓಡುತ್ತದೆ. ಹ್ಯಾಂಡ್‌ಸೆಟ್ ಹಾಗಲ್ಲ. ಎಕ್ಸ್‌ಪ್ರೆಸ್‌ನೆಟ್, ಲೋಕೋನೆಟ್ ಎಂಬವು ಹ್ಯಾಂಡ್‌ಸೆಟ್ ಜೋಡಿಸುವ ಬೇರೆ ಬೇರೆ ಪದ್ಧತಿಗಳು; ಎಕ್ಸ್‌ಪ್ರೆಸ್‌ನೆಟ್ ಪೆಟ್ಟಿಗೆಗೆ ಲೋಕೋನೆಟ್ ಹ್ಯಾಂಡ್‌ಸೆಟ್ ಸೇರದು. ಆದ್ದರಿಂದ ಪೆಟ್ಟಿಗೆ ಕೊಳ್ಳುವಾಗ ಎರಡನೇ ಹ್ಯಾಂಡ್‌ಸೆಟ್ ಯಾವುದೆಂದು ಮೊದಲೇ ಯೋಚಿಸಿ. ಬೆಸುಗೆ, ಕಂಪ್ಯೂಟರ್ ಎರಡೂ ಕೈಗೆ ಒಗ್ಗಿದ್ದರೆ ಆರ್ಡುಇನೊ ಮೆಗಾ ಮತ್ತು ಮೋಟಾರ್ ಶೀಲ್ಡ್ ಮೇಲೆ ಡಿಸಿಸಿ-ಇಎಕ್ಸ್ ಸಾಫ್ಟ್‌ವೇರ್ ಹಾಕಿ, ಉಚಿತವಾಗಿ ಸಿಗುವ ಜೆಎಂಆರ್‌ಐ ಎಂಬ ಕಂಪ್ಯೂಟರ್ ಪ್ರೋಗ್ರಾಮ್ ಜೊತೆ ಸೇರಿಸಿದರೆ ಪೂರ್ತಿ ವ್ಯವಸ್ಥೆ ಸಿದ್ಧವಾಗುತ್ತದೆ.

ಪ್ರೋಗ್ರಾಮಿಂಗ್ ಹಳಿಯಲ್ಲಿ ಡಿಕೋಡರ್ ಉತ್ತರ ಕೊಡದಿದ್ದರೆ ಸತ್ತಿದೆ ಎಂದು ಎಸೆಯಬೇಡಿ. ಅದು ಉತ್ತರಿಸುವುದೇ ಮೋಟಾರನ್ನು ಒಂದು ಕ್ಷಣ ಅಲುಗಿಸಿ, ಹಳಿಯಿಂದ ಕನಿಷ್ಠ 60 ಮಿಲಿಆಂಪಿಯರ್ ಹೆಚ್ಚು ಎಳೆದು. ಮೋಟಾರಿನ ವೈರು ಬಿಟ್ಟಿದ್ದರೆ, ಚಕ್ರ ಕೊಳೆಯಾಗಿದ್ದರೆ, ಕೀಪ್-ಅಲೈವ್ ಕೆಪಾಸಿಟರ್ (ಕೊಳೆ ಹಳಿಯಲ್ಲಿ ಡಿಕೋಡರ್ ಆಫ್ ಆಗದಂತೆ ಕರೆಂಟು ಕೂಡಿಟ್ಟುಕೊಳ್ಳುವುದು) ಸೇರಿಕೊಂಡಿದ್ದರೆ ಆ ಉತ್ತರ ಪೆಟ್ಟಿಗೆಗೆ ಮುಟ್ಟುವುದಿಲ್ಲ. ಇವು ಮೂರನ್ನೂ ನೋಡಿಯಾದ ಮೇಲೆ ಸಿವಿ8ಕ್ಕೆ 8 ಬರೆಯಿರಿ. ಹಲವು ಡಿಕೋಡರ್‌ಗಳು ಅದರಿಂದ ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ. ಬಳಿಕ ಎಂಜಿನ್ನನ್ನು ಹಳಿಯಿಂದ ಎತ್ತಿ, ಮತ್ತೆ ಇಟ್ಟು, 3ನೇ ಅಡ್ರೆಸ್ಸಿನಲ್ಲಿ ಕರೆಯಿರಿ.