ಲಿಂಡಿಸ್ಫಾರ್ನ್‌ಗೆ ಹೊರಡುವ ಮುನ್ನ ಉಬ್ಬರದ ವೇಳೆ ನೋಡಿ
ಇಂಗ್ಲೆಂಡಿನ ನಾರ್ತಂಬರ್ಲ್ಯಾಂಡ್ ಕೌಂಟಿಯ (ಜಿಲ್ಲೆಯ) ಈ ದ್ವೀಪಕ್ಕೆ ಬೀಲ್ ಹಳ್ಳಿಯ ಕಡೆಯಿಂದ ಹೋಗುವ ರಸ್ತೆ ದಿನಕ್ಕೆ ಎರಡು ಸಲ ಸಮುದ್ರದಲ್ಲಿ ಮುಳುಗುತ್ತದೆ. ಕೌಂಟಿ ಕೌನ್ಸಿಲ್ ಪ್ರಕಟಿಸುವ ಸುರಕ್ಷಿತ ವೇಳಾಪಟ್ಟಿಯಲ್ಲಿ ಅದೇ ದಿನದ ಹೊತ್ತನ್ನು ನೋಡಿ. ನಿನ್ನೆಯದು ಇವತ್ತಿಗೆ ಬರುವುದಿಲ್ಲ. ಗಾಳಿ ಜೋರಿದ್ದರೆ ಆ ಸುರಕ್ಷಿತ ಹೊತ್ತು ಮುಗಿಯುವುದಕ್ಕೆ ಇನ್ನಷ್ಟು ಮುಂಚೆಯೇ ದಾಟಿಬಿಡಿ. ಕಣ್ಣೆದುರಿನ ರಸ್ತೆ ಒಣಗಿದೆಯೆಂದು ನಂಬಿ ನುಗ್ಗಿದವರ ಕಾರೇ ಮುಂದಿನ ತಗ್ಗಿನಲ್ಲಿ ಸಿಕ್ಕಿಬೀಳುವುದು. ಸಿಕ್ಕಿಬಿದ್ದರೆ ಕಾರಿನ ಆಸೆ ಬಿಡಿ. ಕಂಬಗಳ ಮೇಲಿನ ಆಶ್ರಯಗೂಡು ಹತ್ತಿ, ತುರ್ತು ಸಂಖ್ಯೆ 999ಕ್ಕೆ ಕರೆಮಾಡಿ ಕೋಸ್ಟ್‌ಗಾರ್ಡ್ (ಕರಾವಳಿ ರಕ್ಷಣಾ ಪಡೆ) ಬೇಕೆಂದು ಕೇಳಿ.

ನಡೆದು ಹೋಗುವವರು ಮರಳಿನಲ್ಲಿ ನೆಟ್ಟ ಕಂಬಗಳ ಸಾಲು ಬಿಡಬಾರದು. ಸುಮಾರು 3 ಮೈಲಿ ದಾರಿ. ನೀರು ಇಳಿಯುತ್ತಿರುವಾಗಲೇ ಹೊರಟು, ಪೂರ್ತಿ ಇಳಿಯುವಷ್ಟರಲ್ಲಿ ದಡ ಸೇರಿ.

ತಲುಪಿದ ಮೇಲೆ ಮೊದಲು ಹಳೆಯ ಮಠದ ಅವಶೇಷ ನೋಡಿ. ಗೋಪುರ ಬಿದ್ದುಹೋದರೂ ಅದರ ಕಲ್ಲಿನ ಕಮಾನು ಒಂದೇ ಒಂದು ಕಾಮನಬಿಲ್ಲಿನಂತೆ ಆಕಾಶಕ್ಕೆ ಅಡ್ಡವಾಗಿ ನಿಂತಿದೆ.